ಹಾಲಿಗೂ ಪಾಲ್‌ಗೂ ನಡುವಣ ದೂರ: ಕನ್ನಡ ಪದಗಳ ರೂಪಭೇದ ಮತ್ತು ಗಣಕ

ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ತನ್ನ ಬೃಹತ್ ನಿಘಂಟಿನ ಮೊದಲ ಸಂಪುಟವನ್ನು 1970ರಲ್ಲಿಯೂ ಎಂಟನೆಯದೂ ಕೊನೆಯದೂ ಆದ ಸಂಪುಟವನ್ನು 1995ರಲ್ಲಿಯೂ ಪ್ರಕಟಿಸಿತು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ದೀರ್ಘಕಾಲ ಮುನ್ನಡೆಸಿದ ಈ ಕಾರ್ಯದಲ್ಲಿ ಶಾಸನ, ಕಾವ್ಯ, ಗದ್ಯಗಳಿಂದ ಆಯ್ದ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ವಿಂಗಡಿಸಲಾಯಿತು. ಒಂದು ಚೀಟಿಯಲ್ಲಿ 'ಪಾಲ್', ಮತ್ತೊಂದರಲ್ಲಿ 'ಹಾಲು' ಎಂದಿದ್ದರೆ ಅವೆರಡೂ ಒಂದೇ ಪದವೆಂಬುದನ್ನು ವಿದ್ವಾಂಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಣಕಕ್ಕೆ ಮಾತ್ರ ಅದನ್ನು ಹೇಳಿಕೊಡಲೇಬೇಕು.

ಈ ಸಮಸ್ಯೆ ಕನ್ನಡಕ್ಕಷ್ಟೇ ಸೀಮಿತವಲ್ಲ. ಸ್ಥಿರವಾದ ಬರಹಕ್ರಮವಿಲ್ಲದ ಸ್ಕಾಟ್ಸ್ ಭಾಷೆಯಲ್ಲಿ ಇಂಗ್ಲಿಷಿನ 'ವಾಟ್'ಗೆ ಸಮನಾದ ಪದವನ್ನು ಹಿಂದೆ ಕ್ಯೂ, ಯು, ಎಚ್ ಎಂಬ ಮೂರು ಅಕ್ಷರಗಳಿಂದ ಆರಂಭಿಸುತ್ತಿದ್ದರು. ಆ ಭಾಷೆಯ ಎರಡು ಮಹಾನಿಘಂಟುಗಳು 2004ರಲ್ಲಿ ಅಂತರಜಾಲಕ್ಕೆ ಬಂದಾಗ ಇಂತಹ ರೂಪಗಳನ್ನು ಹೊಂದಿಸುವ ಪ್ರಶ್ನೆ ಮುನ್ನೆಲೆಗೆ ಬಂದಿತು. ಉಪಕರಣಗಳೇನೋ ಮೊದಲೇ ಇದ್ದವು. ಸದೃಶ ಉಚ್ಚಾರಣೆಯ ಹೆಸರುಗಳನ್ನು ಒಂದೇ ಸಂಕೇತದಡಿ ತರುವ ಸೌಂಡೆಕ್ಸ್ ವಿಧಾನಕ್ಕೆ ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ದೊರೆತಿತ್ತು. ಒಂದು ಪದವನ್ನು ಮತ್ತೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಕಳೆಯಬೇಕು ಅಥವಾ ಬದಲಿಸಬೇಕೆಂದು ಎಣಿಸುವ ಕ್ರಮವನ್ನು ರಷ್ಯಾದ ಲೆವೆನ್‌ಸ್ಟೈನ್ 1965ರಲ್ಲಿ ನಿರೂಪಿಸಿದ್ದನು.

ಈ ಎರಡನೆಯ ಕ್ರಮವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಿದರೆ ಫಲ ವಿಚಿತ್ರವಾಗುತ್ತದೆ. ವ್ಯಂಜನ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸಿದಾಗ 'ಹಾಲು' ಮತ್ತು 'ಕಾಲು'ಗಳ ಅಂತರ ಒಂದು. 'ಹಾಲು' ಮತ್ತು 'ಪಾಲ್'ಗಳದು ಎರಡು. ಸಂಬಂಧವೇ ಇಲ್ಲದ ಪದ ತನ್ನ ಮೂಲರೂಪಕ್ಕಿಂತ ಹತ್ತಿರವಾಗಿಬಿಡುತ್ತದೆ! 'ಬರ್ದುಂಕು', 'ಬದುಕು'ಗಳ ಅಂತರವಂತೂ ಮೂರು. ಎಲ್ಲ ಬದಲಾವಣೆಗಳಿಗೂ ಒಂದೇ ಬೆಲೆ ಕಟ್ಟುವುದೇ ಇಲ್ಲಿನ ದೋಷ. ಪಕಾರ ಹಕಾರವಾಗುವುದಕ್ಕೆ ಅಲ್ಪ ಬೆಲೆಯನ್ನೂ ಪಕಾರ ಕಕಾರವಾಗುವುದಕ್ಕೆ ಅಧಿಕ ಬೆಲೆಯನ್ನೂ ನಿಗದಿಪಡಿಸಿದರೆ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹಾಗೆ ನಿಗದಿಪಡಿಸುವುದೆಂದರೆ ಭಾಷೆಯ ಚರಿತ್ರೆಯನ್ನೇ ಗಣಿತಕ್ಕೆ ಇಳಿಸಿದಂತೆ.

ಆ ಚರಿತ್ರೆ ನೇರವಾದುದಲ್ಲ. 'ಪತ್ತು' ಎಂಬುದು 'ಹತ್ತು' ಆಯಿತು; ಆದರೆ 'ಇಪ್ಪತ್ತು', 'ಎಪ್ಪತ್ತು'ಗಳಲ್ಲಿ ದ್ವಿತ್ವದ ಬಲದಿಂದ ಪಕಾರ ಉಳಿಯಿತು; 'ಐವತ್ತು' ಎಂಬಲ್ಲಿ ಅದು ವಕಾರವಾಗಿದೆ. ಒಂದೇ ಪದ ಮೂರು ವ್ಯಂಜನಗಳಲ್ಲಿ ನಿಂತಿದೆ. ಆದ್ದರಿಂದ ನಿಯಮವು ಅಕ್ಷರವನ್ನು ಮಾತ್ರವಲ್ಲದೆ ಅದರ ಸ್ಥಾನವನ್ನೂ ನೋಡಬೇಕು. ಅಷ್ಟಾದರೂ ಭಾಗವೆಂಬ ಅರ್ಥದ 'ಪಾಲು' ಹಕಾರಕ್ಕೆ ತಿರುಗದೆ ಇಂದಿಗೂ ಬಳಕೆಯಲ್ಲಿರುವುದರಿಂದ ಯಂತ್ರ ಅದನ್ನು ಹಾಲಿನೊಡನೆ ಬೆರೆಸಬಲ್ಲದು. 'ಪಡೆ', 'ಹಡೆ' ಎಂಬ ಕ್ರಿಯಾಪದಗಳ ಸ್ಥಿತಿ ಇದಕ್ಕೆ ವ್ಯತಿರಿಕ್ತ: ಮೂಲ ಒಂದೇ, ಇಂದು ಅರ್ಥ ಬೇರೆ. ಇಲ್ಲಿ ಗಣಕವು ಸಂಭಾವ್ಯ ಜೋಡಿಗಳನ್ನು ಮುಂದಿಡಬಹುದೇ ಹೊರತು ಪ್ರಯೋಗಗಳನ್ನು ಓದದೆ ನಿರ್ಣಯ ಸಾಧ್ಯವಿಲ್ಲ. 'ಧರ್ಮ್ಮ', 'ಸೂರ್ಯ್ಯ' ಮುಂತಾಗಿ ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸುವ ಶಾಸನರೂಢಿಯಾದರೋ ಸುಲಭಸಾಧ್ಯ. ಒಂದು ನಿಯಮ ಸಾಕು.

ಹೆಚ್ಚಿನ ಆತಂಕವಿರುವುದು ಱಕಾರ ಮತ್ತು ರಳವೆನಿಸಿದ ೞಕಾರಗಳ ವಿಷಯದಲ್ಲಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಪಠ್ಯವನ್ನು ಗಣಕಕ್ಕೆ ಊಡಿಸುವಾಗ ಅನುಕೂಲಕ್ಕೆಂದು ಎರಡನ್ನೂ ರಕಾರದಿಂದಲೇ ಬರೆದರೆ ಹುಡುಕಾಟವೇನೋ ಸರಳವಾಗುತ್ತದೆ. ಕವಿ ಬರೆದ ಭೇದ ಮಾತ್ರ ಕಡತದಿಂದ ಅಳಿಸಿಹೋಗುತ್ತದೆ, ಯಾವ ಕ್ರಮವಿಧಿಯೂ ಅದನ್ನು ನಿಶ್ಚಯವಾಗಿ ಮರಳಿಸಲಾರದು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರಳವುಳ್ಳ ಪದಗಳನ್ನು ಪಟ್ಟಿಮಾಡಬೇಕಾಗಿ ಬಂದುದೇ ಆ ಭೇದ ಆಗಲೇ ಮಸುಕಾಗುತ್ತಿತ್ತೆಂಬುದಕ್ಕೆ ಸೂಚನೆ. ಆ ಪಟ್ಟಿ ಇಂದಿನ ಗಣಕಕಾರರಿಗೂ ಆಧಾರವಾಗಬಲ್ಲದು. ಮೂಲಪಾಠವನ್ನು ಇದ್ದಂತೆಯೇ ಇರಿಸಿ, ಏಕೀಕೃತ ರೂಪವನ್ನು ಹುಡುಕಾಟಕ್ಕೆಂದು ಪ್ರತ್ಯೇಕವಾಗಿ ಜೋಡಿಸುವ ಕ್ರಮವೇ ಯುಕ್ತ.

ಯುನಿಕೋಡ್ ಸಂಕೇತಮಾನದಲ್ಲಿ ಈ ೞಕಾರಕ್ಕೆ ತಪ್ಪಾಗಿ 'ಫ' ಎಂಬ ಇಂಗ್ಲಿಷ್ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಅಲ್ಲಿರುವುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದನ್ನು ಪಕ್ಕದಲ್ಲಿ ಪರ್ಯಾಯನಾಮವಾಗಿ ದಾಖಲಿಸಲಾಗಿದೆ.