ಕಲ್ಯಾಣದ ಪತನ ಮತ್ತು ಹಾನಗಲ್ಲಿನ ಮುತ್ತಿಗೆ (1196)

ಕಲ್ಯಾಣದ ಚಾಲುಕ್ಯರ ಆಳ್ವಿಕೆ ಕುಸಿಯುತ್ತಿದ್ದ ಕಾಲದಲ್ಲಿ ಅವರ ವಿರುದ್ಧ ಬಂಡೆದ್ದ ಸಾಮಂತರು ತಮ್ಮತಮ್ಮಲ್ಲೇ ನಡೆಸಿದ ಕದನಗಳಲ್ಲಿ ಹಾನಗಲ್ಲಿನ ಮುತ್ತಿಗೆ ಮುಖ್ಯವಾದುದು. ಈ ಒಳಜಗಳ ಸುಮಾರು 1157ರಲ್ಲಿ ಕಳಚುರಿ ಬಿಜ್ಜಳನಿಂದ ಮೊದಲಾಗಿ, 1215ರ ವೇಳೆಗೆ ದೇವಗಿರಿಯ ಸೇವುಣ ಸಿಂಘಣನ ಕೈ ಮೇಲಾಗುವವರೆಗೆ ನಡೆಯಿತು. ಇದರ ಬಹುಪಾಲು ನಡೆದದ್ದು ಅಂದಿನ ಬೆಳ್ವೊಲ, ಪಾನುಂಗಲ್ಲು ಮತ್ತು ಬನವಾಸಿ ನಾಡುಗಳಲ್ಲಿ. ಇಂದಿನ ಲೆಕ್ಕದಲ್ಲಿ ಅವು ಗದಗದ ಬಯಲಿನಿಂದ ಹಾನಗಲ್ಲು, ಶಿಗ್ಗಾವಿ, ಸವಣೂರು ದಾಟಿ, ಹಿರೇಕೆರೂರಿನ ಸೀಮೆಯಾಚೆಗೂ ಹರಡಿವೆ.

ಚಾಲುಕ್ಯ ರಾಜ್ಯ ಹುಟ್ಟಿದ್ದೇ ಒಬ್ಬ ಸಾಮಂತನ ಬಂಡಾಯದಿಂದ. 973ರಲ್ಲಿ ಎರಡನೆಯ ತೈಲಪ ತನ್ನ ಒಡೆಯರಾದ ರಾಷ್ಟ್ರಕೂಟರನ್ನು ಕೆಡವಿ ಅದನ್ನು ಕಟ್ಟಿದ್ದ. ಎರಡು ಶತಮಾನ ಕಳೆಯುವುದರೊಳಗೆ ಅದೇ ಪಾಠವನ್ನು ಅವನ ವಂಶಕ್ಕೆ ಒಪ್ಪಿಸಿದವನು ಮಂಗಳವೇಢೆಯ ಕಡೆಯ ಕಳಚುರಿ ಬಿಜ್ಜಳ. ಮೂರನೆಯ ತೈಲಪನ ಕಾಲದಲ್ಲಿ ಅಧಿಕಾರವನ್ನು ಮೆಲ್ಲಮೆಲ್ಲಗೆ ಕೈಗೆ ತೆಗೆದುಕೊಂಡ ಬಿಜ್ಜಳ, 1162ರ ವೇಳೆಗೆ ಚಕ್ರವರ್ತಿ ಬಿರುದುಗಳನ್ನೇ ಧರಿಸಿದ. ಬಸವಣ್ಣನವರ ಕಲ್ಯಾಣ ಎಂದು ಕನ್ನಡಿಗರು ನೆನೆಯುವುದು ಈ ಕಾಲವನ್ನೇ. ಬಿಜ್ಜಳನ ನಂತರ ಅವನ ಮಕ್ಕಳಾದ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಮೊದಲಾದವರು ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದರು. ಯಾರೂ ಬಹುಕಾಲ ನಿಲ್ಲಲಿಲ್ಲ.

1183–84ರಲ್ಲಿ ಪಟ್ಟ ಮತ್ತೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನಿಗೆ ಬಂತು. ಅದನ್ನು ದಕ್ಕಿಸಿಕೊಟ್ಟವನು ದಂಡನಾಯಕ ಬ್ರಹ್ಮ (ಬೊಮ್ಮರಸ). ಇವನ ತಂದೆ ಕಳಚುರಿಗಳ ಸೇವೆಯಲ್ಲಿದ್ದವನು. ಮಗ ಮಾತ್ರ ಪಕ್ಷ ಬದಲಿಸಿ, ಕಳಚುರಿ ಕುಲವನ್ನು ನಿರ್ಮೂಲ ಮಾಡಿದವನೆಂಬ ಬಿರುದನ್ನು ಹೊತ್ತ. ಕಳಚುರಿ ಬಂಡಾಯ ಹೀಗೆ ಮುಗಿಯಿತಾದರೂ ಅದು ತೆರೆದ ಬಾಗಿಲು ತೆರೆದೇ ಉಳಿಯಿತು. ಅಣ್ಣಿಗೇರಿಯಲ್ಲಿ ನೆಲೆನಿಂತ ಸೋಮೇಶ್ವರನ ಮೇಲೆ ಇಬ್ಬರು ಕಣ್ಣಿಟ್ಟಿದ್ದರು: ಉತ್ತರದಲ್ಲಿ ಸೇವುಣ ಐದನೆಯ ಭಿಲ್ಲಮ, ದಕ್ಷಿಣದಲ್ಲಿ ಹೊಯ್ಸಳ ವೀರಬಲ್ಲಾಳ.

ಬಲ್ಲಾಳನಿಗೆ ಬಂಡಾಯ ಹೊಸದಲ್ಲ. ತಂದೆ ನರಸಿಂಹನ ವಿರುದ್ಧವೇ ಎದ್ದು 1173ರಲ್ಲಿ ಪಟ್ಟವೇರಿದವನು ಅವನು. 1177ರಲ್ಲಿ ಉಚ್ಚಂಗಿಯ ಕೋಟೆಯನ್ನು ಗೆದ್ದು ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳನ್ನು ಪಡೆದ. (ಅಲ್ಲಿ ಸೋತ ಪಾಂಡ್ಯ ಅರಸನ ಹೆಸರೂ ಕಾಮದೇವ. ಮುಂದೆ ಬರುವ ಹಾನಗಲ್ಲಿನ ಕದಂಬ ಕಾಮದೇವನೊಡನೆ ಅವನನ್ನು ಬೆರೆಸಬಾರದು.) 1190ಕ್ಕೆ ತುಸು ಹಿಂದುಮುಂದಾಗಿ ಬಲ್ಲಾಳ ಚಾಲುಕ್ಯ ದಂಡನಾಯಕ ಬ್ರಹ್ಮನನ್ನು ಮುರಿದ. ಒಂದೇ ಆನೆಯಿಂದ ಬ್ರಹ್ಮನ ಅರವತ್ತು ಆನೆಗಳನ್ನು ಗೆದ್ದನೆಂದು 1192ರ ಗದಗಿನ ಶಾಸನ ಕೊಂಡಾಡುತ್ತದೆ. ಸಂಖ್ಯೆಯನ್ನು ನಂಬಬೇಕಿಲ್ಲ, ಗೆಲುವನ್ನು ನಂಬಬಹುದು. ಅತ್ತ ಕಲ್ಯಾಣ ಭಿಲ್ಲಮನ ಪಾಲಾಯಿತು.

ಇಬ್ಬರು ಬಂಡುಕೋರರಿಗೂ ಸಮಾನ ವೈರಿಯಾಗಿದ್ದ ಸೋಮೇಶ್ವರ ಬನವಾಸಿಯ ಕಡೆಗೆ ಸರಿದದ್ದೇ ತಡ, ಅವರಿಬ್ಬರೇ ಎದುರುಬದುರಾದರು. 1190–91ರಲ್ಲಿ ಗದಗದ ದಕ್ಷಿಣಕ್ಕಿರುವ ಸೊರಟೂರಿನಲ್ಲಿ ದೊಡ್ಡ ಕಾಳಗವಾಯಿತು. ಭಿಲ್ಲಮನ ಕಡೆ ಎರಡು ಲಕ್ಷ ಕಾಲಾಳು, ಹನ್ನೆರಡು ಸಾವಿರ ಕುದುರೆ ಇದ್ದವೆಂದು ಹೊಯ್ಸಳ ಶಾಸನ ಹೇಳುವುದು ಗೆದ್ದವರ ಬಾಯಿಮಾತು. ಸೋತ ಸೇವುಣ ಪಡೆಯನ್ನು ಬಲ್ಲಾಳ ಲೊಕ್ಕಿಗುಂಡಿಯವರೆಗೆ, ಅಂದರೆ ಇಂದಿನ ಲಕ್ಕುಂಡಿಯವರೆಗೆ, ಅಟ್ಟಿಸಿಕೊಂಡು ಹೋದ. ಸೇವುಣ ದಂಡನಾಯಕ ಜೈತ್ರಸಿಂಹ ಕಾಯುತ್ತಿದ್ದ ಆ ಕೋಟೆಯೂ ಬಿತ್ತು. ಗದಗಿನ ತ್ರಿಕೂಟೇಶ್ವರ ದೇವಾಲಯದಲ್ಲಿ ಈ ಏರಿಳಿತವನ್ನು ಕಣ್ಣಾರೆ ಕಾಣಬಹುದು. 1191ರಲ್ಲಿ ಅಲ್ಲಿ ದತ್ತಿ ಬಿಟ್ಟವನು ಭಿಲ್ಲಮ, 1192ರಲ್ಲಿ ಅದೇ ದೇವರಿಗೆ ದತ್ತಿ ಬಿಟ್ಟವನು ಬಲ್ಲಾಳ.

ಇಷ್ಟಾದರೂ ಬಲ್ಲಾಳನಿಗೆ ನಿದ್ದೆ ಇರಲಿಲ್ಲ. ಬೆಳ್ವೊಲ ಕೈಗೆ ಬಂದಿದ್ದರೂ ಅದಕ್ಕೂ ಮೂಲನೆಲೆ ದೋರಸಮುದ್ರಕ್ಕೂ ನಡುವೆ ಹಾನಗಲ್ಲಿನ ಕದಂಬರು ಮಣಿಯದೆ ಕೂತಿದ್ದರು. ಹಾನಗಲ್ಲು ಧರ್ಮಾ ನದಿಯ ದಡದ ಹಳೆಯ ಕೋಟೆಯೂರು. ಶಾಸನಗಳು ಇದನ್ನು ‘ವಿರಾಟನ ಕೋಟೆ’ ಎಂದೂ ಕರೆಯುತ್ತವೆ. ಇದರ ಬೆಲೆ ಹೊಯ್ಸಳರಿಗೆ ಮೊದಲೇ ಗೊತ್ತಿತ್ತು. ಬಲ್ಲಾಳನ ಅಜ್ಜ ವಿಷ್ಣುವರ್ಧನ ಹಾನಗಲ್ಲನ್ನು ಹಿಡಿದಿದ್ದ, ಈಗ ಶಿಗ್ಗಾವಿ ತಾಲ್ಲೂಕಿಗೆ ಸೇರಿದ ಬಂಕಾಪುರದಲ್ಲಿ ಬೀಡು ಬಿಟ್ಟಿದ್ದ, ಕೊನೆಯುಸಿರೆಳೆದದ್ದೂ ಅಲ್ಲಿಯೇ.

1181ರ ಸುಮಾರಿಗೆ ಆಳ್ವಿಕೆಗೆ ಬಂದ ಕದಂಬ ಕಾಮದೇವ ಮೊದಲು ಕಳಚುರಿಗಳ ಕೈಕೆಳಗಿದ್ದು, ಅವರು ಬಿದ್ದ ಮೇಲೆ ಸೋಮೇಶ್ವರನಿಗೆ ನಡೆದುಕೊಂಡವನು. ರಾಜ್ಯ ಕಳೆದುಕೊಂಡ ಚಕ್ರವರ್ತಿಗೆ ಆಸರೆ ಕೊಟ್ಟವನೂ ಇವನೇ. ಇದನ್ನು ಸ್ವಾಮಿನಿಷ್ಠೆಯೆಂದು ಹೊಗಳುವುದು ರೂಢಿ. ಆದರೆ ಬಲವಿಲ್ಲದ ಚಕ್ರವರ್ತಿಯ ಹೆಸರು ಸಾಮಂತನಿಗೆ ಎಷ್ಟು ಅನುಕೂಲವೆಂಬುದನ್ನೂ ನೋಡಬೇಕು. ಕಪ್ಪ ಕೇಳುವವರಿಲ್ಲ, ಬಲ್ಲಾಳನಿಗೆ ತಲೆಬಾಗದಿರಲು ಒಳ್ಳೆಯ ಕಾರಣವೂ ಸಿಕ್ಕಂತಾಯಿತು.

1196ರಲ್ಲಿ ಬಲ್ಲಾಳ ಸ್ವತಃ ಹಾನಗಲ್ಲಿಗೆ ಬಂದ. ಊರಿನ ಪಶ್ಚಿಮಕ್ಕಿರುವ ವಿಶಾಲವಾದ ಆನೆಕೆರೆಯ ಬಳಿ ಪಾಳೆಯ ಹೂಡಿ ಅಲ್ಲಿಂದ ಮುತ್ತಿಗೆ ನಡೆಸಿದ. ಕೆರೆಯ ದಡವನ್ನು ಆರಿಸಿಕೊಂಡದ್ದರಲ್ಲಿ ದಂಡಿನ ಲೆಕ್ಕಾಚಾರವಿದೆ: ಆನೆ, ಕುದುರೆಗಳಿರುವ ಪಡೆ ದಿನಗಟ್ಟಲೆ ಕೂರಬೇಕಾದರೆ ಮೊದಲು ಬೇಕಾದದ್ದು ನೀರು. ಕೋಟೆಯ ರಕ್ಷಣೆಗೆ ನಿಂತವರು ಕಾಮದೇವನ ದಂಡನಾಯಕ ಸೋಹಣಿ ಮತ್ತು ಅವನ ಮಗ ಪದ್ಮಯ್ಯ. ಅವರು ಹೊಯ್ಸಳ ಪಡೆಯನ್ನು ಹಿಮ್ಮೆಟ್ಟಿಸಿದರು. ಸೋಹಣಿ ಕಾಳಗದಲ್ಲಿ ಮಡಿದ. ಸೊರಟೂರು, ಲಕ್ಕುಂಡಿಗಳನ್ನು ಗೆದ್ದು ಚಕ್ರವರ್ತಿ ಬಿರುದು ತಳೆದ ದೊರೆ ಒಬ್ಬ ಮಂಡಲೇಶ್ವರನ ಊರಿನೆದುರು ಕೈ ಸುಟ್ಟುಕೊಂಡ ಈ ಸಂಗತಿ ಹೊಯ್ಸಳರ ಪ್ರಶಸ್ತಿಗಳಿಂದಲ್ಲ, ಹಾನಗಲ್ಲಿನ ವೀರಗಲ್ಲಿನಿಂದ ತಿಳಿದದ್ದು. ವೀರಗಲ್ಲುಗಳ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ದೊರೆಗಳು ತಮ್ಮ ಸೋಲನ್ನು ಬರೆಸುವುದಿಲ್ಲವಾದ್ದರಿಂದ ಈ ಕಾಲದ ಇತಿಹಾಸಕ್ಕೆ ಊರಮುಂದಿನ ಇಂಥ ಕಲ್ಲುಗಳೇ ಹೆಚ್ಚು ನಂಬಿಕೆಯ ಸಾಕ್ಷಿ.

ಆಳುವವರು ಹೀಗೆ ಬದಲಾಗುತ್ತಿದ್ದಾಗ ಊರವರು ಏನು ಮಾಡಿದರೆಂಬುದನ್ನು ಹಿರೇಕೆರೂರು ತಾಲ್ಲೂಕಿನ ಅಬಲೂರು ತೋರಿಸುತ್ತದೆ. ಈ ಊರಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ, ಸುಮಾರು 1200ರ ದೊಡ್ಡ ಶಾಸನವಿದೆ. ಜೈನರೊಡನೆ ಪಂಥ ಕಟ್ಟಿ, ತಲೆ ಕೊಯ್ದುಕೊಟ್ಟು ಮರಳಿ ಪಡೆದ ಪವಾಡಕ್ಕಾಗಿ ಅದು ಹೆಸರಾಗಿದೆ. ರಾಜಕೀಯ ಇತಿಹಾಸಕ್ಕೆ ಬೇಕಾದದ್ದು ಅದರ ದತ್ತಿಗಳ ಭಾಗ. ರಾಮಯ್ಯನ ದೇವಾಲಯಕ್ಕೆ ಮೊದಲು ಭೂಮಿ ಕೊಟ್ಟವನು ಬಿಜ್ಜಳ. ಬಿಜ್ಜಳನ ವಂಶದಿಂದ ಪಟ್ಟ ಕಿತ್ತುಕೊಂಡ ಸೋಮೇಶ್ವರನೂ ಕೊಟ್ಟ. ಆಮೇಲೆ ಕದಂಬ ಕಾಮದೇವನೂ ಕೊಟ್ಟ. ಒಬ್ಬರನ್ನೊಬ್ಬರು ಕೆಡವಿದವರೆಲ್ಲ ಒಂದೇ ಕಲ್ಲಿನ ಮೇಲೆ ದಾನಿಗಳಾಗಿ ಕೂತಿದ್ದಾರೆ. ಹಳೆಯ ದತ್ತಿಯನ್ನು ಅಳಿಸದೆ ಅದರ ಕೆಳಗೆ ಹೊಸತನ್ನು ಸೇರಿಸಿಕೊಳ್ಳುವುದು ಗುಡಿಗಳವರ ಜಾಣತನ. ಯಾವ ಪಕ್ಷ ಗೆದ್ದರೂ ಭೂಮಿ ದೇವರ ಹೆಸರಿನಲ್ಲೇ ಉಳಿಯುತ್ತಿತ್ತು.

ಮುತ್ತಿಗೆ ಮುರಿದ ಮಾತ್ರಕ್ಕೆ ಹೊಯ್ಸಳರು ಕೈಬಿಡಲಿಲ್ಲ. ನಾಡಿನ ಹೆಚ್ಚಿನ ಭಾಗ ಕ್ರಮೇಣ ಅವರ ಹತೋಟಿಗೆ ಬಂತು. 1203ರಲ್ಲಿಯೂ ಕಾಮದೇವ ಅವರೊಡನೆ ಕಾದಾಡುತ್ತಲೇ ಇದ್ದ. ಅಷ್ಟರಲ್ಲಿ ಸೇವುಣರು ಚೇತರಿಸಿಕೊಂಡಿದ್ದರು. 1200ರ ಸುಮಾರಿಗೆ ಪಟ್ಟಕ್ಕೆ ಬಂದ ಭಿಲ್ಲಮನ ಮೊಮ್ಮಗ ಸಿಂಘಣ ದಕ್ಷಿಣಕ್ಕೆ ದಂಡೆತ್ತಿದ. ಕದಂಬರನ್ನು ಮಣಿಸಲು ಹೊಯ್ಸಳರು ವ್ಯಯಿಸಿದ ಕಾಲವೂ ಬಲವೂ ಕೊನೆಗೆ ಒದಗಿದ್ದು ಈ ಎದುರಾಳಿಗೆ. 1215ರ ಬಳ್ಳಿಗಾವೆಯ ಶಾಸನದಲ್ಲಿ ದೊರೆಯಾಗಿ ಕಾಣಿಸುವ ಹೆಸರು ಸಿಂಘಣನದು.