ವಾರ್ಡಿನಲ್ಲಿ ಕೇಳಿದ್ದು, ಕೇಸ್ ಶೀಟಿಗೆ ಬಾರದ್ದು: ಮಹಿಳೆಯರು, ಮಕ್ಕಳ ಮೇಲಿನ ಹಿಂಸೆ ಮತ್ತು ಬೆಂಗಳೂರಿನ ಶುಶ್ರೂಷಾ ಸಂಶೋಧನೆ

ಚಾಮರಾಜಪೇಟೆಗೂ ಕೆ.ಆರ್. ಮಾರುಕಟ್ಟೆಗೂ ನಡುವಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು. ಪಕ್ಕದ ವಾಣಿವಿಲಾಸ ಆಸ್ಪತ್ರೆ 1935ರದು. ಹೆರಿಗೆಗೂ ಮಕ್ಕಳ ಚಿಕಿತ್ಸೆಗೂ ಹಳೇ ಬೆಂಗಳೂರು ನೆಚ್ಚಿಕೊಂಡ ಜಾಗ. ವಿಕ್ಟೋರಿಯಾದ ಸುಟ್ಟಗಾಯದ ವಾರ್ಡಿಗೆ ಗಾಂಧಿನಗರದ ಮಹಾಬೋಧಿ ಸೊಸೈಟಿಯ ಹೆಸರಿದೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಸಂಸ್ಥೆ ಅದು.

1979ರಿಂದ ಕೆಲಸ ಮಾಡುತ್ತಿರುವ ಮಹಿಳಾ ಹಕ್ಕುಗಳ ಸಂಘಟನೆ ವಿಮೋಚನಾದ ಕಾರ್ಯಕರ್ತೆಯರು ತೊಂಬತ್ತರ ದಶಕದಲ್ಲಿ ಈ ಸುಟ್ಟಗಾಯದ ವಾರ್ಡಿಗೆ ಎಡತಾಕಿ, ನಗರದ ಹೆಂಗಸರ ಅಸಹಜ ಸಾವುಗಳ ಬೆನ್ನು ಹತ್ತಿದರು. 1997ರಲ್ಲಿ ಬೆಂಗಳೂರಿನಲ್ಲಿ ಇಂಥ 1,133 ಸಾವುಗಳು ದಾಖಲಾಗಿದ್ದವು. ಕೊಲೆಯೆಂದು ಪರಿಗಣಿಸಿದ್ದು 157 ಮಾತ್ರ. ಆತ್ಮಹತ್ಯೆ 546, ಅಪಘಾತ 430. ‘ಸ್ಟೌ ಸಿಡಿಯಿತು’ ಎಂಬ ಒಂದೇ ಮಾತು ಹಾಸಿಗೆಯಿಂದ ಹಾಸಿಗೆಗೆ ಮರುಕಳಿಸುತ್ತಿತ್ತು. ಸಾವು ಯಾವ ಪಟ್ಟಿಗೆ ಸೇರುತ್ತದೆ ಎಂಬುದು ಬಹುಮಟ್ಟಿಗೆ ಆ ಮೊದಲ ಹೇಳಿಕೆಯ ಮೇಲೆ ನಿಂತಿರುತ್ತದೆ. ಆ ಹೇಳಿಕೆ ಕೊಡುವಾಗ ಮಂಚದ ತಲೆದೆಸೆಯಲ್ಲಿ ಗಂಡನೋ ಅತ್ತೆಯೋ ನಿಂತಿರುವುದುಂಟು.

ಡ್ರೆಸ್ಸಿಂಗ್ ಹೊತ್ತಿನಲ್ಲಿ ಮಾತ್ರ ಜೊತೆಗಿದ್ದವರನ್ನು ಹೊರಗೆ ಕಳಿಸುತ್ತಾರೆ. ಗಾಯಕ್ಕೆ ಅಂಟಿದ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ, ಎಳೆದರೆ ಹೊಸ ಚರ್ಮವೂ ಕಿತ್ತುಬಂದೀತೆಂದು ಅಂಗುಲ ಅಂಗುಲವಾಗಿ ಬಿಡಿಸಬೇಕು. ಅಷ್ಟು ಹೊತ್ತು ಅಲ್ಲಿರುವುದು ನರ್ಸ್ ಮತ್ತು ರೋಗಿ ಇಬ್ಬರೇ. ಹಿಂದಿನ ರಾತ್ರಿ ಪೊಲೀಸರ ಮುಂದೆ ಬಾರದ ಮಾತು ಬರುವುದಾದರೆ ಈ ಹೊತ್ತಿನಲ್ಲಿ ಬರುತ್ತದೆ. ‘ಮಕ್ಕಳು ಅವರ ಹತ್ರಾನೇ ಇದಾವೆ ಸಿಸ್ಟರ್, ಅದಕ್ಕೇ ಹೇಳಲಿಲ್ಲ’ ಎಂಬ ಒಂದು ವಾಕ್ಯದಲ್ಲಿ ಹಿಂಸೆಯ ಚರಿತ್ರೆ, ಬೆದರಿಕೆಯ ಸ್ವರೂಪ, ಮನೆಯಲ್ಲಿ ಉಳಿದ ಮಕ್ಕಳ ಅಪಾಯ ಮೂರೂ ಇರುತ್ತವೆ. ಕೇಸ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇಲ್ಲ. ಶುಶ್ರೂಷಾ ಸಂಶೋಧನೆ ಶುರುವಾಗಬೇಕಾದುದು ಇಂಥ ಮಾತಿನಿಂದ ಎಂಬುದು ಈ ಲೇಖನದ ವಾದ.

ಸಮೀಕ್ಷೆ ಕಂಡದ್ದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದ ಪ್ರಮಾಣ ಶೇ 29.3. ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಅಂಕಿ ಶೇ 20.6 ಇತ್ತು. ಏರಿದ್ದು ಹಿಂಸೆಯೋ, ಹೇಳುವ ಧೈರ್ಯವೋ ಎಂಬುದನ್ನು ಈ ಅಂಕಿಗಳಿಂದಷ್ಟೇ ತೀರ್ಮಾನಿಸಲಾಗದು. ಆದರೆ ಸಮೀಕ್ಷೆ ಪಾಲಿಸುವ ಒಂದು ನಿಯಮವನ್ನು ಆಸ್ಪತ್ರೆಗಳು ಗಮನಿಸಬೇಕು: ಮನೆಗೆ ಒಬ್ಬರನ್ನೇ ಆರಿಸಿ, ಬೇರೆ ಯಾರೂ ಇಲ್ಲದಾಗಲೇ ಈ ಪ್ರಶ್ನೆ ಕೇಳುತ್ತಾರೆ. ಅದೇ ಸುತ್ತಿನ ಪ್ರಕಾರ ದೇಶದಲ್ಲಿ ಹಿಂಸೆಗೆ ಒಳಗಾದವರ ಪೈಕಿ ನೆರವು ಕೋರಿದವರು ಶೇ 14. ನೆರವು ಕೋರದೆ, ಯಾರಲ್ಲೂ ಬಾಯಿ ಬಿಡದೆ ಉಳಿದವರು ಶೇ 77.

ಬೆಂಗಳೂರಿನ ಬಡ ಬಡಾವಣೆಗಳ 16ರಿಂದ 25 ವರ್ಷದ 744 ವಿವಾಹಿತೆಯರ ಬಗ್ಗೆ ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶೇ 56ರಷ್ಟು ಮಂದಿ ದೈಹಿಕ ಹಿಂಸೆ ಕಂಡಿದ್ದರು. ಶೇ 27ರಷ್ಟು ಮಂದಿಗೆ ಅದು ಹಿಂದಿನ ಆರು ತಿಂಗಳಲ್ಲೇ ಆಗಿತ್ತು. ವೃತ್ತಿ ತರಬೇತಿಗೆ ಹೋದವರಲ್ಲೂ ಪ್ರೇಮವಿವಾಹವಾದವರಲ್ಲೂ ಹಿಂಸೆಯ ಸಂಭವ ಹೆಚ್ಚಿತ್ತು. ಅದೇ ತಂಡದ ಮುಂದಿನ ವಿಶ್ಲೇಷಣೆಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸರಿಗೂ, ಗಂಡನ ಕೆಲಸಕ್ಕೆ ಕುತ್ತು ಬಂದ ಮನೆಗಳ ಹೆಂಗಸರಿಗೂ ಅಪಾಯ ಏರಿದ್ದು ಕಂಡಿತು. ಹೆಣ್ಣು ದುಡಿಯಬಾರದೆಂದು ಇದರ ಅರ್ಥವಲ್ಲ. ಮನೆಯೊಳಗಿನ ಅಧಿಕಾರ ಅಲುಗಾಡುವ ತಿಂಗಳುಗಳಲ್ಲಿ ಆಕೆಗೆ ಬೆಂಬಲ ಹೆಚ್ಚು ಬೇಕು ಎಂದರ್ಥ. ‘ಈಚೆಗೆ ಕೆಲಸಕ್ಕೆ ಸೇರಿದಿರಾ?’ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೇಳಿದರೆ ಅದು ಬರೀ ಕುಶಲೋಪರಿಯಲ್ಲ.

ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ಮನೋರೋಗ ಹೊರರೋಗಿ ವಿಭಾಗಕ್ಕೆ ಬಂದ 105 ಮಹಿಳೆಯರನ್ನು ಮಾತಾಡಿಸಿ 2009ರಲ್ಲಿ ವರದಿ ಮಾಡಿದರು. ಶೇ 56ರಷ್ಟು ಮಂದಿ ಸಂಗಾತಿಯ ಹಿಂಸೆ ಹೇಳಿಕೊಂಡರು. ಹಿಂಸೆಯೂ ಲೈಂಗಿಕ ಬಲವಂತವೂ ತೀವ್ರವಾದಷ್ಟೂ ಆಘಾತೋತ್ತರ ಒತ್ತಡದ ಲಕ್ಷಣಗಳೂ ತೀವ್ರವಾಗಿದ್ದವು. ನಿದ್ದೆ ಇಲ್ಲ, ಎದೆ ಢವಢವ, ಸುಸ್ತು ಎಂದು ಬಂದವರಿಗೆ ಮಾತ್ರೆ ಬರೆದು ಕಳಿಸಿದರೆ ಈ ನಂಟು ಕಣ್ಣಿಗೆ ಬೀಳುವುದೇ ಇಲ್ಲ.

ನರ್ಸ್‌ಗಳು ಕಟ್ಟಿದ ಜ್ಞಾನ

ಈ ಕ್ಷೇತ್ರದ ಬುನಾದಿಯ ಕೆಲವು ಕಲ್ಲುಗಳನ್ನು ಇಟ್ಟವರು ನರ್ಸ್‌ಗಳೇ. ಬಾಸ್ಟನ್ ಸಿಟಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಅತ್ಯಾಚಾರ ಸಂತ್ರಸ್ತೆಯರನ್ನು ಮಾತಾಡಿಸಿ, ಮನೋರೋಗ ಶುಶ್ರೂಷಾ ತಜ್ಞೆ ಆನ್ ಬರ್ಜೆಸ್ ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ ಜೊತೆಗೂಡಿ 1974ರಲ್ಲಿ ಅತ್ಯಾಚಾರ ಆಘಾತದ ಲಕ್ಷಣಕೂಟವನ್ನು ವಿವರಿಸಿದರು. ಕೊಲೆಯ ಅಪಾಯವನ್ನು ಅಳೆಯುವ ಪ್ರಶ್ನಾವಳಿಯನ್ನು ಎಂಬತ್ತರ ದಶಕದಲ್ಲಿ ರೂಪಿಸಿದ ಜಾಕ್ವಲಿನ್ ಕ್ಯಾಂಪ್‌ಬೆಲ್ ಕೂಡ ನರ್ಸ್. ಜೂಡಿತ್ ಮೆಕ್‌ಫಾರ್ಲೇನ್ ಮತ್ತು ಸಂಗಡಿಗರು ಗರ್ಭಿಣಿಯರಿಗೆ ಮೂರೇ ಪ್ರಶ್ನೆ ಕೇಳಿ ಹಿಂಸೆಯನ್ನು ಗುರುತಿಸಬಹುದೆಂದು 1992ರಲ್ಲಿ ತೋರಿಸಿದರು.

ಬೆಂಗಳೂರಿನಲ್ಲೂ ಕೆಲಸ ಆರಂಭವಾಗಿದೆ. ಮನೋರೋಗವಿರುವ ಮಹಿಳೆಯರ ಮೇಲಿನ ಹಿಂಸೆಯ ಬಗ್ಗೆ ನರ್ಸ್‌ಗಳ ತಿಳಿವಳಿಕೆ, ಆತ್ಮವಿಶ್ವಾಸ, ಎದುರಾಗುವ ಅಡ್ಡಿಗಳನ್ನು ನಿಮ್ಹಾನ್ಸ್ ಶುಶ್ರೂಷಾ ವಿಭಾಗದ ವಿಜಯಲಕ್ಷ್ಮಿ ಪೊರೆಡ್ಡಿ, ಸೈಲಕ್ಷ್ಮಿ ಗಾಂಧಿ ಮತ್ತಿತರರು ಪರಿಶೀಲಿಸಿದ್ದಾರೆ. ಆದರೆ ಸ್ನಾತಕೋತ್ತರ ಶುಶ್ರೂಷಾ ಪ್ರಬಂಧಗಳಲ್ಲಿ ಒಂದೇ ಅಚ್ಚು ಮತ್ತೆ ಮತ್ತೆ ಕಾಣುತ್ತದೆ: ತರಬೇತಿಗೆ ಮುಂಚೆ ಒಂದು ಪರೀಕ್ಷೆ, ಆಮೇಲೆ ಇನ್ನೊಂದು, ಅಂಕ ಏರಿದರೆ ಕಾರ್ಯಕ್ರಮ ಫಲಕಾರಿ. ಅಂಕ ಏರಿದ ನರ್ಸ್ ಮಾರನೆಯ ದಿನ ವಾರ್ಡಿನಲ್ಲಿ ಪ್ರಶ್ನೆ ಕೇಳಿದರೇ, ಕೇಳಿಸಿಕೊಂಡ ಮಹಿಳೆಗೆ ಒಳ್ಳೆಯದಾಯಿತೇ ಎಂಬುದು ಆ ವಿನ್ಯಾಸಕ್ಕೆ ನಿಲುಕುವುದಿಲ್ಲ.

ಮಗುವಿನ ಮಾತು, ಕಾನೂನಿನ ಗಡಿ

ಮಕ್ಕಳಲ್ಲಿ ಹಿಂಸೆಯ ಗುರುತು ಬೇರೆ ರೂಪದಲ್ಲಿ ಬರುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗುತ್ತದೆ. ಕಾರಣ ಸಿಗದ ಹೊಟ್ಟೆನೋವು, ಶಾಲೆಗೆ ಹೋಗಲ್ಲ ಎಂಬ ಹಟ ಕಾಣಿಸಿಕೊಳ್ಳುತ್ತವೆ. ಮಕ್ಕಳ ಮೇಲಿನ ದೌರ್ಜನ್ಯ ಕುರಿತ 2007ರ ರಾಷ್ಟ್ರೀಯ ಅಧ್ಯಯನದಲ್ಲಿ ಮಾತಾಡಿಸಿದ 12,447 ಮಕ್ಕಳಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಆ ಅಧ್ಯಯನ ನಡೆದ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಇಲ್ಲಿ ಸಂಶೋಧಕಿಯ ಹೊಣೆ ಇಮ್ಮಡಿಯಾಗುತ್ತದೆ. ಮನೆಯ ಹಿಂಸೆಯನ್ನು ಹೇಳಿಕೊಂಡ ವಯಸ್ಕ ಮಹಿಳೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ ಕೋರಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಅವಳ ಇಚ್ಛೆಗೆ ಬೆಲೆ ಕೊಡಬೇಕು. ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದರೆ ಮಾತ್ರ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವರದಿ ಮಾಡಲೇಬೇಕು. ಆದ್ದರಿಂದ ‘ಯಾರಿಗೂ ಹೇಳಲ್ಲ ಪುಟ್ಟಾ’ ಎಂದು ಮಾತು ಕೊಟ್ಟು ಮಗುವಿನ ಬಾಯಿ ಬಿಡಿಸುವುದು ವಂಚನೆಯಾದೀತು. ಏನನ್ನು ಗುಟ್ಟಾಗಿ ಇಡಬಹುದು, ಏನನ್ನು ಇಡಲಾಗದು ಎಂಬುದನ್ನು ಮಗುವಿಗೆ ಅರ್ಥವಾಗುವಂತೆ ಮೊದಲೇ ತಿಳಿಸಬೇಕು.

ಮುಂದಿನ ಅಧ್ಯಯನಗಳ ವಿನ್ಯಾಸ

ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಬಂದವರನ್ನೆಲ್ಲ ಸಾರಾಸಗಟಾಗಿ ಪ್ರಶ್ನಿಸುವುದನ್ನು ಬೆಂಬಲಿಸುವುದಿಲ್ಲ. ಹಿಂಸೆಯಿಂದ ಉಂಟಾಗಿರಬಹುದಾದ ಗಾಯವೋ ಖಿನ್ನತೆಯಂಥ ಲಕ್ಷಣವೋ ಕಂಡಾಗ, ಏಕಾಂತವೂ ಮುಂದಿನ ನೆರವಿನ ದಾರಿಯೂ ಇದ್ದಾಗ ಕೇಳಬೇಕೆನ್ನುತ್ತದೆ. ಈ ಷರತ್ತುಗಳನ್ನು ಕಿಕ್ಕಿರಿದ ಸರ್ಕಾರಿ ವಾರ್ಡಿನಲ್ಲಿ ಹೇಗೆ ಪೂರೈಸುವುದು ಎಂಬುದನ್ನು ಹುಡುಕಬಲ್ಲವರು ಅಲ್ಲಿ ಪಾಳಿ ಮಾಡುವವರೇ.

ಹಾಗಾಗಿ ಮುಂದಿನ ಅಧ್ಯಯನಗಳು ಕೆಲವು ಸರಳ ಸಂಗತಿಗಳನ್ನು ಅಳೆಯಲಿ: ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಯಾರಿದ್ದರು, ಸಾಂತ್ವನ ಕೇಂದ್ರಕ್ಕೋ 181 ಸಹಾಯವಾಣಿಗೋ ಕಳಿಸಿದವರಲ್ಲಿ ಎಷ್ಟು ಮಂದಿ ತಲುಪಿದರು, ಆರು ತಿಂಗಳ ಬಳಿಕ ಅವರ ನಿದ್ದೆ, ಭಯ, ಸುರಕ್ಷತೆ ಹೇಗಿದೆ. ವಿಚಾರಿಸಲು ಫೋನ್ ಮಾಡುವ ಮುನ್ನ ಆ ಫೋನ್ ಯಾರ ಕೈಯಲ್ಲಿರುತ್ತದೆಂದು ಕೇಳಿ ಬರೆದುಕೊಳ್ಳುವುದೂ ವಿಧಾನದ ಭಾಗವೇ. ದಿನವಿಡೀ ಇಂಥ ಮಾತು ಕೇಳುವ ನರ್ಸ್‌ಗಳ ಮನಸ್ಸಿನ ಭಾರವೂ ಅಧ್ಯಯನಕ್ಕೆ ಬರಬೇಕು. ಒಬ್ಬ ಮಹಿಳೆಯ ಜೊತೆ ಇಪ್ಪತ್ತು ನಿಮಿಷ ಕೂರಲು ಸಿಸ್ಟರ್‌ಗೆ ಬಿಡುವು ಬೇಕೆಂದರೆ ಉಳಿದ ಹಾಸಿಗೆಗಳನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. ಸಂಶೋಧನೆಗೆ ಅನುದಾನ ಕೇಳುವಾಗ ಆ ಬದಲಿ ನರ್ಸ್‌ನ ಸಂಬಳವನ್ನೂ ಖರ್ಚಿನ ಪಟ್ಟಿಯಲ್ಲಿ ಕಾಣಿಸಬೇಕು.