ಹಾರ್ಡ್‌ವೇರ್ ಅಂಗಡಿಯ ದಾಸ್ತಾನು: ಕೊರತೆಯ ಕಾಲದಿಂದ ಹೇರಳದ ಕಾಲಕ್ಕೆ

ಉರ್ದುವಿನಲ್ಲಿ ದಾಸ್ತಾನ್ ಎಂದರೆ ಕಥೆ. ಕನ್ನಡದಲ್ಲಿ ದಾಸ್ತಾನು ಎಂದರೆ ಮಾರುವುದಕ್ಕೆಂದು ಕೂಡಿಟ್ಟ ಸರಕು. ಈ ಎರಡು ಪದಗಳ ನಡುವಿನ ನಂಟನ್ನು ಭಾಷಾತಜ್ಞರಿಗೆ ಬಿಡೋಣ. ಕನ್ನಡದ ದಾಸ್ತಾನಿಗೆ ಮಾತ್ರ ಒಂದು ಕೆಟ್ಟ ಹೆಸರು ಅಂಟಿಕೊಂಡಿದೆ. ಪತ್ರಿಕೆಗಳಲ್ಲಿ ಆ ಪದ ಕಂಡರೆ ಅದರ ಹಿಂದೆ 'ಅಕ್ರಮ' ಎಂಬ ವಿಶೇಷಣ ಇದ್ದೇ ಇರುತ್ತದೆ. ಕೂಡಿಟ್ಟವನು ಕಾಳಸಂತೆಕೋರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಕ್ಕಿ, ಸಕ್ಕರೆ, ಸೀಮೆಎಣ್ಣೆಯ ವಿಷಯದಲ್ಲಿ ಈ ಭಾವನೆಗೆ ಕಾರಣವೂ ಇತ್ತು. ಆದರೆ ಪೇಟೆಯ ಮೂಲೆಯಲ್ಲಿ ಮೊಳೆ, ಬೀಗ, ನಲ್ಲಿ, ಚಿಲಕ ಮಾರುವವನ ಪಾಡು ಬೇರೆಯದು. ಅವನು ಕೂಡಿಡದೇ ಹೋದರೆ ಊರಿನ ಕೆಲಸ ನಿಲ್ಲುತ್ತದೆ. ಕೂಡಿಟ್ಟರೆ ಅವನ ಹಣ ನಿಲ್ಲುತ್ತದೆ.

ಕಿರಾಣಿ ಅಂಗಡಿಯವನು ತಂದ ಅಕ್ಕಿಮೂಟೆ ವಾರದೊಳಗೆ ಖಾಲಿಯಾಗಿ ಹಣವಾಗಿ ಮರಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡಿಂಚಿನ ಮೊಳೆ ದಿನವೂ ಹೋಗುತ್ತದೆ, ಬಾವಿಯ ರಾಟೆ ವರ್ಷಕ್ಕೊಂದು ಹೋದರೆ ಹೆಚ್ಚು. ಹಾಗೆಂದು ರಾಟೆ ಇಡದಿರುವಂತಿಲ್ಲ. ಪಟ್ಟಿ ಹಿಡಿದು ಬಂದ ಗಿರಾಕಿಗೆ ಹತ್ತು ರೂಪಾಯಿಯ ಒಂದು ವಾಷರ್ ಸಿಗದಿದ್ದರೆ ಅವನು ಇಡೀ ಪಟ್ಟಿಯನ್ನೇ ಮುಂದಿನ ಅಂಗಡಿಗೆ ಒಯ್ಯುತ್ತಾನೆ. ಲಾಭ ಮೊಳೆಯಲ್ಲಿ, ಮರ್ಯಾದೆ ರಾಟೆಯಲ್ಲಿ ಎನ್ನಬೇಕು.

ಈ ತೊಡಕು ಅನಾದಿ ಕಾಲದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಕಮ್ಮಾರನಿದ್ದ ಕಾಲದಲ್ಲಿ ದಾಸ್ತಾನಿನ ಪ್ರಶ್ನೆಯೇ ಇರಲಿಲ್ಲ. 1800-01ರಲ್ಲಿ ಮೈಸೂರು ಸೀಮೆ ಮತ್ತು ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಊರಿನ ಕಮ್ಮಾರ ಬಾಗಿಲು ನೋಡಿ ಕೀಲು ಮಾಡಿದ, ನೇಗಿಲು ನೋಡಿ ಗುಳ ಮಾಡಿದ. ಮುರಿದರೆ ಅವನೇ ಬೆಸೆದ. ಸರಕು ಮೊದಲು, ಗಿರಾಕಿ ಆಮೇಲೆ ಎಂಬ ಏರ್ಪಾಟು ಬಂದದ್ದು ಯಂತ್ರದ ಜೊತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಮನೆತನಗಳು 1854ರಲ್ಲಿ ಅಮೆರಿಕದ ಪೇಟೆಂಟ್ ಕೊಂಡು ಚೂಪು ಮೊನೆಯ ತಿರುಪುಗಳನ್ನು ಯಂತ್ರದಲ್ಲಿ ತಯಾರಿಸಲು ತೊಡಗಿದವು. ಬಂದರು ಮತ್ತು ರೈಲಿನ ಮೂಲಕ ಇಂಥ ಸರಕು ನಮ್ಮ ಪೇಟೆಗಳನ್ನು ತಲುಪಿತು. ತಿರುಪಿಗೆ ಈಗ ಉದ್ದದ ಅಳತೆಯ ಜೊತೆ ದಪ್ಪದ ನಂಬರೂ ಬಂತು. ಎಂಟು ಉದ್ದ, ಪ್ರತಿ ಉದ್ದಕ್ಕೆ ನಾಲ್ಕು ದಪ್ಪ, ಕಬ್ಬಿಣದ್ದು ಒಂದು ಸಾಲು, ಹಿತ್ತಾಳೆಯದು ಇನ್ನೊಂದು ಸಾಲು ಎಂದಿಟ್ಟುಕೊಂಡರೂ ಮರದ ತಿರುಪು ಒಂದಕ್ಕೇ 64 ಡಬ್ಬಿ ಬೇಕು. ಕಮ್ಮಾರನ ಬಳಿ ಇದ್ದದ್ದು ಒಂದು ಸಲಾಕೆ ಮತ್ತು ಒಂದು ಸುತ್ತಿಗೆ. ಅವನ ಕೈಚಳಕದ ಜಾಗದಲ್ಲಿ ಈಗ ಕಪಾಟು ಬಂದು ನಿಂತಿತು.

ಎರಡನೇ ಮಹಾಯುದ್ಧ ಈ ವ್ಯಾಪಾರದ ಸ್ವಭಾವವನ್ನೇ ಬದಲಿಸಿತು. 1941ರಲ್ಲಿ ಕಬ್ಬಿಣ ಮತ್ತು ಉಕ್ಕಿನ ನಿಯಂತ್ರಣ ಆದೇಶ ಜಾರಿಗೆ ಬಂತು. ಯುದ್ಧ ಮುಗಿದರೂ ನಿಯಂತ್ರಣ ಮುಗಿಯಲಿಲ್ಲ. 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆ, 1956ರಲ್ಲಿ ಮತ್ತೊಂದು ಉಕ್ಕು ನಿಯಂತ್ರಣ ಆದೇಶ, 1964ರಲ್ಲಿ ದರ ಮತ್ತು ಹಂಚಿಕೆಗಾಗಿ ಜಂಟಿ ಕಾರ್ಖಾನೆ ಸಮಿತಿ. ಇದರ ಜೊತೆ ಸಾಗಣೆ ವೆಚ್ಚದ ಸಮೀಕರಣ ಎಂಬ ನೀತಿಯೂ ಇತ್ತು. ಭಿಲಾಯಿಯಲ್ಲಿ ತಯಾರಾದ ಉಕ್ಕು ಭಿಲಾಯಿಯ ಪಕ್ಕದಲ್ಲೂ ದೂರದ ದಕ್ಷಿಣದಲ್ಲೂ ಒಂದೇ ದರಕ್ಕೆ ಸಿಗಬೇಕು ಎಂಬುದು ಅದರ ಉದ್ದೇಶ. ಅದಿರು, ಕಲ್ಲಿದ್ದಲು ಇದ್ದ ಪೂರ್ವದ ರಾಜ್ಯಗಳಿಗೆ ಇದರಿಂದ ನಷ್ಟವಾಯಿತೆಂಬ ದೂರು ಇಂದಿಗೂ ಇದೆ. ದಕ್ಷಿಣದ ನಾವು ಆ ದೂರನ್ನು ಅಷ್ಟಾಗಿ ಕೇಳಿಸಿಕೊಂಡಿಲ್ಲ. ಆದರೆ ನಮ್ಮ ಚಿಕ್ಕ ವ್ಯಾಪಾರಿಗೂ ಇದು ಪೂರ್ತಿ ವರವಾಗಲಿಲ್ಲ. ದರ ಸರಕಾರಿ ಪಟ್ಟಿಯಲ್ಲಿ ಇರುತ್ತಿತ್ತು, ಸರಕು ಅಂಗಡಿಯಲ್ಲಿ ಇರುತ್ತಿರಲಿಲ್ಲ. ಭದ್ರಾವತಿಯಲ್ಲಿ 1923ರಿಂದಲೇ ಕುಲುಮೆ ಉರಿಯುತ್ತಿದ್ದ ನಾಡಿನಲ್ಲೂ ಸಲಾಕೆಗಾಗಿ ಕಾಯಬೇಕಾಯಿತು.

ಸಿಮೆಂಟಿನ ಪಾಡು ಇದಕ್ಕಿಂತ ಕಠಿಣ. ಮನೆ ಕಟ್ಟುವವರು ಪರ್ಮಿಟ್ ಹಿಡಿದು ಅಲೆಯುತ್ತಿದ್ದುದು ಐವತ್ತು ದಾಟಿದ ಓದುಗರಿಗೆ ನೆನಪಿರಬಹುದು. 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಅಧಿಕಾರ ತ್ಯಜಿಸಬೇಕಾಗಿ ಬಂದದ್ದು ಸಿಮೆಂಟ್ ಹಂಚಿಕೆಯ ವಿವಾದದಿಂದ ಎಂದರೆ ಆ ಬೂದಿ ಬಣ್ಣದ ಪುಡಿಯ ಬೆಲೆ ಎಷ್ಟಿತ್ತೆಂದು ಊಹಿಸಬಹುದು. ಅದೇ ವರ್ಷದ ಫೆಬ್ರವರಿಯಲ್ಲಿ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಉಕ್ಕಿನ ಸರದಿ 1992ರ ಜನವರಿಯಲ್ಲಿ ಬಂತು.

ಈ ಐದು ದಶಕಗಳು ಅಂಗಡಿಯವರಿಗೆ ಒಂದು ಪಾಠ ಕಲಿಸಿದವು: ಸಿಕ್ಕಾಗ ಹಿಡಿ, ಎಂದಾದರೂ ಮಾರಾಟವಾಗುತ್ತದೆ. ಪಾಠ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಸರಕಿನ ಬೆಲೆ ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಅಟ್ಟದಲ್ಲಿದ್ದ ಹಿತ್ತಾಳೆ ಬ್ಯಾಂಕಿನಲ್ಲಿದ್ದ ಹಣಕ್ಕಿಂತ ಭದ್ರವೆಂದು ಅನೇಕರು ನಂಬಿದ್ದರು.

ಆ ದಿನಗಳಲ್ಲಿ ಸರಕು ಸಿಗುತ್ತಿದ್ದುದು ಪರಿಚಯದ ಮೇಲೆ. ದಕ್ಷಿಣ ಭಾರತದ ಪೇಟೆಗಳಲ್ಲಿ ಹಾರ್ಡ್‌ವೇರ್, ಗಾಜು, ಬಣ್ಣದ ವ್ಯಾಪಾರದೊಂದಿಗೆ ದಾವೂದಿ ಬೋಹ್ರಾ ಸಮುದಾಯದ ಹೆಸರು ಬೆಸೆದುಕೊಂಡಿರುವುದಕ್ಕೆ ಇದೂ ಒಂದು ಕಾರಣ ಎನ್ನಬಹುದು. ಗುಜರಾತ್ ಮೂಲದ ಈ ವ್ಯಾಪಾರಿಗಳಿಗೆ ಮುಂಬಯಿಯ ಸಗಟು ಪೇಟೆಯಲ್ಲಿ ಬಂಧುಗಳಿದ್ದರು, ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ನೆಲೆಗಳಿದ್ದವು. ಒಬ್ಬನ ಬಳಿ ನಿಂತುಹೋದ ಸರಕು ಇನ್ನೊಂದು ಊರಿನ ಸಂಬಂಧಿಯ ಬಳಿ ಮಾರಾಟವಾಗುವ ಅನುಕೂಲ ಇಂಥ ಜಾಲಕ್ಕೆ ಇರುತ್ತದೆ. ಬಡ್ಡಿಯಿಲ್ಲದ ಸಾಲ ನೀಡುವ 'ಕರ್ಝೆ ಹಸನಾ' ನಿಧಿಗಳನ್ನು ಈ ಸಮುದಾಯ ಇಂದಿಗೂ ನಡೆಸುತ್ತಿದೆ. ವರ್ಷಕ್ಕೊಮ್ಮೆ ಮಾರಾಟವಾಗುವ ವಸ್ತುವನ್ನು ಬಡ್ಡಿಯ ಹಣದಲ್ಲಿ ತಂದರೆ ಬಡ್ಡಿಯೇ ವಸ್ತುವನ್ನು ತಿನ್ನುತ್ತದೆ. ಬಡ್ಡಿಯಿಲ್ಲದ ಬಂಡವಾಳ ಇಲ್ಲಿ ಧರ್ಮದ ಮಾತಾದಷ್ಟೇ ಲೆಕ್ಕದ ಮಾತೂ ಹೌದು. ಮಾರ್ವಾಡಿ, ಕೊಂಕಣಿ, ಬ್ಯಾರಿ ವ್ಯಾಪಾರಿಗಳೂ ತಮ್ಮ ತಮ್ಮ ನಂಟಿನ ಬಲದಿಂದಲೇ ಈ ವ್ಯಾಪಾರದಲ್ಲಿ ನಿಂತವರು. ಅಲಿಗಢದ ಬೀಗ, ಲುಧಿಯಾನದ ಬೋಲ್ಟು, ಜಲಂಧರದ ಕೈಉಪಕರಣ, ಜಾಮ್‌ನಗರದ ಹಿತ್ತಾಳೆ ಸಾಮಾನು ಕರ್ನಾಟಕದ ಒಂದು ತಾಲೂಕು ಪೇಟೆಗೆ ತಲುಪಬೇಕಾದರೆ ನಡುವೆ ಎಷ್ಟು ಕೈಗಳ ವಿಶ್ವಾಸ ಬೇಕಿತ್ತು ಎಂಬುದನ್ನು ಯೋಚಿಸಬೇಕು.

ಇದರ ನಡುವೆಯೇ ಅಳತೆ ಬದಲಾಯಿತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಪ್ರಕಾರ ಸೇರು, ಗಜ, ಇಂಚು ಹೋಗಿ ಕಿಲೋ, ಮೀಟರು ಬರಬೇಕಿತ್ತು. ಸೇರು ಹೋಯಿತು. ಇಂಚು ಮಾತ್ರ ಹಾರ್ಡ್‌ವೇರ್ ಅಂಗಡಿಯನ್ನು ಬಿಟ್ಟು ಹೋಗಲಿಲ್ಲ. ಇಂದಿಗೂ ಗಿರಾಕಿ 12 ಮಿಲಿಮೀಟರ್ ಸಲಾಕೆ ಕೇಳುತ್ತಾನೆ, ಅದೇ ಉಸಿರಿನಲ್ಲಿ ಅರ್ಧ ಇಂಚಿನ ಪೈಪು ಕೇಳುತ್ತಾನೆ. ಬೋಲ್ಟಿನಲ್ಲಿ ಇದು ಬರೀ ಮಾತಿನ ಪ್ರಶ್ನೆಯಲ್ಲ. ಅರ್ಧ ಇಂಚು ಎಂದರೆ 12.7 ಮಿ.ಮೀ. ಹಳೆಯ ಬ್ರಿಟಿಷ್ ಅಳತೆಯ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು. ಹೊಸ 12 ಮಿ.ಮೀ. ಬೋಲ್ಟಿಗೆ ಸುತ್ತಿನಿಂದ ಸುತ್ತಿಗೆ 1.75 ಮಿ.ಮೀ. ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ಗಿರಣಿ, ಹಳೆಯ ಪಂಪು ಇರುವವರೆಗೆ ಹಳೆಯ ಬೋಲ್ಟು ಇಡಬೇಕು, ಹೊಸ ಯಂತ್ರಕ್ಕೆ ಹೊಸದು ಇಡಬೇಕು. ಸರಕಾರ ಅಳತೆ ಬದಲಿಸಿತು, ಎರಡು ಸಾಲು ಡಬ್ಬಿಗಳ ಖರ್ಚು ಅಂಗಡಿಯವನ ತಲೆಗೆ ಬಂತು.

1991ರ ನಂತರ ಕೊರತೆ ತೀರಿತು. ಅಂಗಡಿಯವನ ಕಷ್ಟ ತೀರಲಿಲ್ಲ, ತಿರುಗಿ ನಿಂತಿತು. 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳ ಕೊನೆಯ ಕಂತು ತೆರವಾಯಿತು. ಚೀನಾದ ಬೀಗ, ನಲ್ಲಿ, ತಿರುಪು, ಡ್ರಿಲ್ ಯಂತ್ರಗಳು ಬಂದವು. ಇಲ್ಲಿನ ಕಂಪನಿಗಳೂ ಹೊಸ ಹೊಸ ಮಾದರಿ ತಂದವು. ಹಿಂದೆ 'ಏನಾದರೂ ಇದೆಯೇ?' ಎಂದು ಕೇಳುತ್ತಿದ್ದ ಗಿರಾಕಿ ಈಗ 'ಇದು ಬೇಡ, ಆ ಕಂಪನಿಯದ್ದು ಕೊಡಿ' ಎನ್ನತೊಡಗಿದ.

ನೀರಿನ ಪೈಪನ್ನೇ ನೋಡಿ. ಮೊದಲು ಇದ್ದದ್ದು ಸತು ಲೇಪಿಸಿದ ಕಬ್ಬಿಣದ ಜಿ.ಐ. ಪೈಪು. ಆಮೇಲೆ ಬೂದುಬಣ್ಣದ ಪಿ.ವಿ.ಸಿ. ಬಂತು, ಅದರ ಅಳತೆ ಹೊರಸುತ್ತಿನ ಮಿಲಿಮೀಟರಿನಲ್ಲಿ, 20, 25, 32 ಹೀಗೆ. ನಂತರ ಬಿಸಿನೀರಿಗೆ ಸಿ.ಪಿ.ವಿ.ಸಿ., ತಣ್ಣೀರಿಗೆ ಬಿಳಿಯ ಯು.ಪಿ.ವಿ.ಸಿ. ಎಲ್ಲಕ್ಕೂ ಬಾಯಿಮಾತಿನಲ್ಲಿ 'ಅರ್ಧ ಇಂಚು' ಎಂದೇ ಹೆಸರು. ಆದರೆ ಅರ್ಧ ಇಂಚಿನ ಸಿ.ಪಿ.ವಿ.ಸಿ. ಪೈಪಿನ ಹೊರಸುತ್ತಳತೆಯ ವ್ಯಾಸ ಸುಮಾರು 15.9 ಮಿ.ಮೀ., ಯು.ಪಿ.ವಿ.ಸಿ.ಯದು 21.3 ಮಿ.ಮೀ. ಒಂದರ ಎಲ್ಬೋ ಇನ್ನೊಂದಕ್ಕೆ ಹೊಂದದು. ಎಲ್ಬೋ, ಟೀ, ಸಾಕೆಟ್, ಯೂನಿಯನ್, ರೆಡ್ಯೂಸರ್, ಮುಚ್ಚಳ, ಒಳಮರೆ, ಹೊರಮರೆ ಎಂದು ಎಂಟೇ ಬಗೆ ಹಿಡಿಯಿರಿ, ಅಳತೆ ಮೂರೇ ಹಿಡಿಯಿರಿ. ಒಂದು ಜಾತಿಗೆ 24, ನಾಲ್ಕು ಜಾತಿಗೆ 96, ತಲಾ ಎರಡು ಕಂಪನಿಯದ್ದು ಇಟ್ಟರೆ 192 ಬಗೆ. ಹಿಂದೆ 24 ಗೂಡುಗಳಲ್ಲಿ ಮುಗಿಯುತ್ತಿದ್ದ ವ್ಯಾಪಾರ ಇದು. ಅಂಗಡಿಯ ಅಗಲ ಮಾತ್ರ ಮೊದಲಿನಷ್ಟೇ.

ನಲ್ಲಿಯ ಕಥೆ ಇನ್ನೂ ಬೇಸರದ್ದು. ಹಳೆಯ ಹಿತ್ತಾಳೆ ನಲ್ಲಿ ಸೋರಿದರೆ ಒಂದು ವಾಷರ್ ಬದಲಿಸಿದರಾಯಿತು, ಅದು ಯಾವ ಕಂಪನಿಯ ನಲ್ಲಿಗೂ ಆಗುತ್ತಿತ್ತು. ಈಗಿನ ನಲ್ಲಿಯೊಳಗೆ ಇರುವುದು ಸೆರಾಮಿಕ್ ಕಾರ್ಟ್ರಿಡ್ಜ್. ಕಂಪನಿಗೊಂದು ಬಗೆ, ಒಂದೇ ಕಂಪನಿಯಲ್ಲಿ ಮಾದರಿಗೊಂದು ಬಗೆ. ಇದನ್ನೆಲ್ಲ ಇಡಲು ಚಿಕ್ಕ ಅಂಗಡಿಗೆ ಸಾಧ್ಯವಿಲ್ಲ. ಆದ್ದರಿಂದ ರಿಪೇರಿಯ ಬದಲು ಹೊಸ ನಲ್ಲಿಯೇ ಮಾರಾಟವಾಗುತ್ತದೆ. ಇದರಿಂದ ಗಿರಾಕಿಗೆ ಆಗುವ ಖರ್ಚನ್ನು ಯಾರೂ ದಾಸ್ತಾನಿನ ಲೆಕ್ಕದಲ್ಲಿ ಬರೆಯುವುದಿಲ್ಲ.

ತಂತ್ರಜ್ಞಾನ ಹೊರೆ ಇಳಿಸಿದ ಉದಾಹರಣೆಯೂ ಉಂಟು, ಅದನ್ನು ಹೇಳದಿದ್ದರೆ ಅನ್ಯಾಯ. ಮೊದಲು ಒಂದೊಂದು ಬಣ್ಣದ ಡಬ್ಬಿಯನ್ನೂ ನಾಲ್ಕೈದು ಅಳತೆಗಳಲ್ಲಿ ಇಡಬೇಕಿತ್ತು; ಯಾರಿಗೂ ಬೇಡವಾದ ಬಣ್ಣ ಡಬ್ಬಿಯಲ್ಲೇ ಕೆನೆಗಟ್ಟುತ್ತಿತ್ತು. ಬಣ್ಣ ಬೆರೆಸುವ ಯಂತ್ರ ಬಂದ ಮೇಲೆ ಕೆಲವೇ ಬೇಸ್ ಡಬ್ಬಿ, ಕೆಲವೇ ರಂಗುಗಳಿಂದ ನೂರಾರು ಬಣ್ಣ ಅಲ್ಲೇ ತಯಾರಾಗುತ್ತದೆ. ಒಂದು ಅರ್ಥದಲ್ಲಿ ಇದು ಕಮ್ಮಾರನ ಪದ್ಧತಿಯೇ, ಗಿರಾಕಿ ಮೊದಲು, ಸರಕು ಆಮೇಲೆ. ಯಂತ್ರ ಇಡುವ ಶಕ್ತಿಯಿದ್ದವರಿಗೆ ಮಾತ್ರ ಈ ಅನುಕೂಲ.

ಕಬ್ಬಿಣದ ಸಾಮಾನು ಕೆಡುವುದಿಲ್ಲ ಎಂಬುದು ತಪ್ಪು ಕಲ್ಪನೆ. ಕರಾವಳಿಯ ಮಳೆಗಾಲದಲ್ಲಿ ಮೊಳೆಯ ಪೊಟ್ಟಣ ಒಡೆದರೆ ತುಕ್ಕು ಹಿಡಿಯುತ್ತದೆ. ಸಿಮೆಂಟು ಮೂರು ತಿಂಗಳು ದಾಟಿದರೆ ಬಲ ಕುಂದುತ್ತದೆ. ರಬ್ಬರ್ ಬಿರಿಯುತ್ತದೆ, ಪೈಪಿನ ಅಂಟು ಗಟ್ಟಿಯಾಗುತ್ತದೆ, ವೆಲ್ಡಿಂಗ್ ಕಡ್ಡಿ ತೇವ ಹೀರುತ್ತದೆ. ಬ್ಯಾಂಕಿನಿಂದ ಸಾಲ ಪಡೆದವನು ದಾಸ್ತಾನಿನ ಪಟ್ಟಿ ಸಲ್ಲಿಸುತ್ತಿರಬೇಕು. ಮಾರಾಟವಾಗದೆ ನಿಂತ ಸರಕಿಗೆ ಅಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ.

ವರ್ಷಕ್ಕೊಮ್ಮೆ ಕಪಾಟಿನ ಧೂಳು ಕೊಡವಿ ಎಣಿಸುವ ದಿನವೂ ಬರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ ತೆರೆಯುವ ಅಂಗಡಿಗಳಿವೆ. ಮುಸ್ಲಿಮ್ ವ್ಯಾಪಾರಿಗಳಲ್ಲಿ ಬಹಳ ಮಂದಿ ರಮಝಾನ್‌ನಲ್ಲಿ ಝಕಾತ್‌ಗಾಗಿ ಎಣಿಸುತ್ತಾರೆ. ಕಪಾಟು, ತಕ್ಕಡಿಯ ಮೇಲೆ ಝಕಾತ್ ಇಲ್ಲ. ಮಾರಾಟಕ್ಕಿಟ್ಟ ಸರಕಿನ ಮೇಲೆ ಉಂಟು, ನೂರಕ್ಕೆ ಎರಡೂವರೆ. ಬೆಲೆ ಹಿಡಿಯಬೇಕಾದದ್ದು ಕೊಂಡ ದಿನದ್ದಲ್ಲ, ಎಣಿಸುವ ದಿನದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹತ್ತು ವರ್ಷದಿಂದ ಯಾರೂ ಕೇಳದ ಹಿತ್ತಾಳೆ ಕೀಲಿನ ಇಂದಿನ ಬೆಲೆ ಎಷ್ಟು? ದಿನನಿತ್ಯ ಕೊಂಡು ಮಾರುವವನನ್ನೂ ಒಳ್ಳೆಯ ಬೆಲೆಗಾಗಿ ಸರಕಿಟ್ಟು ಕಾಯುವವನನ್ನೂ ಇಮಾಮ್ ಮಾಲಿಕ್‌ರ ಪಂಥ ಬೇರೆ ಬೇರೆಯಾಗಿ ನೋಡುತ್ತದೆ. ಕಾಯುವವನಿಗೆ ಝಕಾತ್ ಮಾರಾಟವಾದ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಇಬ್ಬರೂ ಒಂದೇ ಗಲ್ಲಾದ ಹಿಂದೆ ಕುಳಿತಿರುತ್ತಾರೆ. ಶತಮಾನಗಳ ಹಿಂದಿನ ಫಿಕ್‌ಹ್ ಪಂಡಿತರು ನಿಂತ ಸರಕಿನ ಬಗ್ಗೆ ಇಷ್ಟು ಯೋಚಿಸಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಏಕೆಂದರೆ ನಮ್ಮ ಕಾಲದ ತೆರಿಗೆ ಕಾನೂನು ಅಷ್ಟು ಯೋಚಿಸಲಿಲ್ಲ. 2005ರ ಏಪ್ರಿಲ್‌ನಲ್ಲಿ ಕರ್ನಾಟಕಕ್ಕೆ ವ್ಯಾಟ್ ಬಂತು, 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಅಂದು ಅಂಗಡಿಯಲ್ಲಿದ್ದ ಸರಕಿನ ಮೇಲೆ ಅದಾಗಲೇ ತೆತ್ತಿದ್ದ ಕೇಂದ್ರ ಅಬಕಾರಿ ಸುಂಕವನ್ನು ಜಮೆಯಾಗಿ ಪಡೆಯಲು ಅವಕಾಶವಿತ್ತು. ಆದರೆ ಖರೀದಿಯ ಬಿಲ್ಲು ಹಿಂದಿನ 12 ತಿಂಗಳೊಳಗಿನದಾಗಿರಬೇಕು ಎಂಬ ಷರತ್ತೂ ಇತ್ತು. ಬಟ್ಟೆ, ದಿನಸಿಯವನಿಗೆ ಒಂದು ವರ್ಷ ದೀರ್ಘ ಕಾಲ. ರಾಟೆ, ಕೀಲು, ಹಳೆಯ ಅಳತೆಯ ಬೋಲ್ಟು ಇಟ್ಟುಕೊಂಡವನಿಗೆ ಒಂದು ವರ್ಷ ಎಂದರೆ ನಿನ್ನೆ. ಊರಿಗೆ ಹೆಚ್ಚು ಉಪಕಾರವಾಗುವ ಸರಕಿಗೇ ಕಾನೂನಿನಲ್ಲಿ ಜಾಗ ಸಿಗಲಿಲ್ಲ. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಂದು ಶೇ. 28ರಿಂದ 18ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಆದರೂ ಇಂಥ ದಿನ ಬಂದಾಗ ಹಳೆಯ ದರದಲ್ಲಿ ಕೊಂಡ ಮೂಟೆಗಳನ್ನು ಎದುರಿಗಿಟ್ಟುಕೊಂಡು ಹೊಸ ಬೆಲೆ ಹೇಳಬೇಕಾದವನು ಚಿಲ್ಲರೆ ಅಂಗಡಿಯವನೇ.

ಈಗ ಹೊಸ ತಲೆಮಾರಿನವರು ಕಂಪ್ಯೂಟರ್ ಇಟ್ಟು ಯಾವ ಸರಕು ಓಡುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡುತ್ತಾರೆ. ನಿಲ್ಲುವುದನ್ನು ತರಿಸುವುದಿಲ್ಲ. ವ್ಯಾಪಾರದ ದೃಷ್ಟಿಯಿಂದ ಅವರನ್ನು ತಪ್ಪೆನ್ನಲಾಗದು. ಆದರೆ ಹಂಚಿನ ಮನೆಯ ಹಳೆಯ ಬಾಗಿಲಿಗೆ ಕೀಲು ಬೇಕಾದವರು, ಇಂಚಿನ ಬೋಲ್ಟು ಮುರಿದ ಗಿರಣಿಯವರು, ಒಂದೇ ಒಂದು ತಿರುಪು ಬೇಕಾದವರು ಎಲ್ಲಿಗೆ ಹೋಗಬೇಕು? ಪೊಟ್ಟಣದಲ್ಲಿ ಬರುವ ತಿರುಪು ಐವತ್ತರ ಲೆಕ್ಕದಲ್ಲಿ ಬರುತ್ತದೆ, ಒಂದನ್ನು ಯಾರೂ ಮನೆಬಾಗಿಲಿಗೆ ತಂದುಕೊಡುವುದಿಲ್ಲ.

ಹಳೆಯ ಅಂಗಡಿಯೊಂದು ಮುಚ್ಚುವಾಗ ಓಡುವ ಸರಕನ್ನು ಪಕ್ಕದ ಅಂಗಡಿಯವರು ಕೊಳ್ಳುತ್ತಾರೆ. ಉಳಿದದ್ದು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ; ಡಜನ್ನಿನ ದರದಲ್ಲಿ ಕೊಂಡ ಕೀಲು, ಗ್ರೋಸಿನ ದರದಲ್ಲಿ ಕೊಂಡ ತಿರುಪು ಎಲ್ಲ ಒಂದೇ ತಕ್ಕಡಿಗೆ. ಗುಜರಿಯವರು ಅದೆಲ್ಲವನ್ನೂ ಕರಗಿಸಲು ಕಳಿಸುವುದಿಲ್ಲ. ಹಿತ್ತಾಳೆಯನ್ನು, ಕೆಡದ ಬೀಗವನ್ನು, ಬಳಸದ ಬೋಲ್ಟನ್ನು ಬೇರೆ ಆರಿಸಿಡುತ್ತಾರೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಬಳಿ ಭಾನುವಾರ ನಡೆಯುವ ಸಂತೆಯಲ್ಲಿ ನೆಲದ ಮೇಲೆ ಹರಡಿದ ಇಂಥ ರಾಶಿಗಳ ಮುಂದೆ ಬಡಗಿಗಳು, ಮೆಕ್ಯಾನಿಕ್‌ಗಳು ಕುಕ್ಕರುಗಾಲಲ್ಲಿ ಕುಳಿತು, ಜೇಬಿನಿಂದ ಹಳೆಯ ತುಂಡೊಂದನ್ನು ತೆಗೆದು, ಅದಕ್ಕೆ ಹೊಂದುವ ಜೋಡಿಯನ್ನು ಹುಡುಕುತ್ತಾರೆ.